ಆಕ್ಸ್‌ಫರ್ಡ್: ಹೊಳೆಬದಿಯ ಹಸಿರಿನಲ್ಲಿ ಐದು ವಾರ

ಆಕ್ಸ್‌ಫರ್ಡ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ದಪ್ಪ ರಟ್ಟಿನ ಇಂಗ್ಲಿಷ್ ನಿಘಂಟು. ಆದರೆ ಆ ಹೆಸರಿನ ಅರ್ಥ ತಿಳಿದರೆ ಹಳ್ಳಿಯಿಂದ ಬಂದ ನಮಗೆ ಅದು ಪರಕೀಯ ಅನಿಸುವುದಿಲ್ಲ. ಆಕ್ಸ್ ಎಂದರೆ ಎತ್ತು. ಫರ್ಡ್ ಎಂದರೆ ಹೊಳೆಯನ್ನು ಕಾಲ್ನಡೆಯಲ್ಲಿ ದಾಟಬಹುದಾದ ಆಳವಿಲ್ಲದ ಜಾಗ. ಎತ್ತುಗಳು ಹೊಳೆ ಹಾಯುತ್ತಿದ್ದ ಸ್ಥಳವೇ ಮುಂದೆ ಜಗತ್ಪ್ರಸಿದ್ಧ ವಿದ್ಯಾಕೇಂದ್ರವಾಯಿತು. 1096ರ ಸುಮಾರಿಗೇ ಅಲ್ಲಿ ಪಾಠ ನಡೆಯುತ್ತಿತ್ತೆಂದು ಹೇಳುತ್ತಾರೆ. ಇಂದು ನಲವತ್ತರ ಹತ್ತಿರ ಕಾಲೇಜುಗಳಿವೆ. ಊರಿನ ಜನಸಂಖ್ಯೆ ಒಂದೂವರೆ ಲಕ್ಷ ದಾಟಿದೆ. ಇಷ್ಟಾದರೂ ಪೇಟೆಯ ನಡುವಿನಿಂದ ಕಾಲು ಗಂಟೆ ನಡೆದರೆ ಸಾಕು, ದನಗಳು ಹುಲ್ಲು ಮೇಯುವುದನ್ನು ಕಾಣಬಹುದು!

ನಮ್ಮ ಮಗಳು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ದಾದಿ. ಗಡಿನಾಡಿನ ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳ ಹೆಣ್ಣುಮಕ್ಕಳಂತೆ ಅವಳೂ ನರ್ಸಿಂಗ್ ಕಲಿತು, ಪರೀಕ್ಷೆಗಳನ್ನು ಪಾಸು ಮಾಡಿ, 2022ರ ಕೊನೆಗೆ ಇಂಗ್ಲೆಂಡಿಗೆ ಹೋದಳು. 2024ರ ಏಪ್ರಿಲ್ ಕೊನೆಯಿಂದ ಐದು ವಾರ ನನ್ನ ಮಡದಿ ಮತ್ತು ನಾನು ಅವಳ ಜತೆಗಿದ್ದೆವು. ಅಲ್ಲಿಯ ಕಾಲೇಜುಗಳ ಬಗ್ಗೆ, ಪುಸ್ತಕ ಭಂಡಾರದ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಆ ಊರಿನ ಹೊಳೆಬದಿಯ ಬಗ್ಗೆ. ದುಡ್ಡಿಲ್ಲದವನೂ, ದಣಿದವನೂ, ಪರದೇಶಿಯೂ ಕೂತು ಉಸಿರು ಬಿಡಬಹುದಾದ ಜಾಗ ಒಂದು ಊರಿಗೆ ಎಷ್ಟು ಮುಖ್ಯ ಎಂಬುದು ನನಗೆ ಅಲ್ಲಿ ಮನದಟ್ಟಾಯಿತು.

ಎರಡು ಹೊಳೆಗಳ ಊರು

ಲಂಡನ್ನಿನಿಂದ ವಾಯವ್ಯಕ್ಕೆ ಸುಮಾರು ತೊಂಬತ್ತು ಕಿಲೋಮೀಟರ್ ದೂರದಲ್ಲಿರುವ ಈ ಊರನ್ನು ಎರಡು ಹೊಳೆಗಳು ಬಳಸಿಕೊಂಡಿವೆ. ಪಶ್ಚಿಮ ಮತ್ತು ದಕ್ಷಿಣಕ್ಕೆ ಥೇಮ್ಸ್. ಊರಿನವರು ಅದನ್ನು ಇಲ್ಲಿ ಐಸಿಸ್ ಎಂಬ ಬೇರೆ ಹೆಸರಿನಿಂದಲೂ ಕರೆಯುತ್ತಾರೆ. ಪೂರ್ವಕ್ಕೆ ಚಾರ್ವೆಲ್ ಎಂಬ ಸಣ್ಣ ಹೊಳೆ. ಕ್ರೈಸ್ಟ್ ಚರ್ಚ್ ಕಾಲೇಜಿನ ಹುಲ್ಲುಗಾವಲಿನ ತುದಿಯಲ್ಲಿ ಚಾರ್ವೆಲ್ ಬಂದು ಥೇಮ್ಸ್ ಸೇರುತ್ತದೆ. ಅಲ್ಲಿಂದ ಮುಂದೆ ಹರಿದ ಇದೇ ನೀರು ಲಂಡನ್ನಿಗೆ ಹೋಗುತ್ತದೆ. ಅಲ್ಲಿ ಥೇಮ್ಸ್ ದಂಡೆಯ ಮೇಲೆ 2015ರಲ್ಲಿ ಅನಾವರಣಗೊಂಡ ನಮ್ಮ ಬಸವಣ್ಣನವರ ಪ್ರತಿಮೆಯಿದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು.

ಈ ಎರಡೂ ಹೊಳೆಗಳು ಮಳೆಗಾಲ, ಚಳಿಗಾಲಗಳಲ್ಲಿ ದಂಡೆ ಮೀರುತ್ತವೆ. ನೀರು ನಿಲ್ಲುವ ತಗ್ಗಿನಲ್ಲಿ ಹಿಂದಿನವರು ಮನೆ ಕಟ್ಟಲಿಲ್ಲ. ಹುಲ್ಲಿಗೆಂದು, ದನಗಳಿಗೆಂದು ಬಿಟ್ಟರು. ಆದ್ದರಿಂದ ಊರು ಬೆಳೆದರೂ ಅದರ ಮೈಯೊಳಗೆ ಹಸಿರು ಪಟ್ಟಿಗಳು ಹಾಗೆಯೇ ಉಳಿದವು. ನೆರೆಯ ನೀರಿಗೂ ಹರಡಿಕೊಳ್ಳಲು ಜಾಗವಾಯಿತು.

ರಾತ್ರಿ ಪಾಳಿ ಮುಗಿದ ಮೇಲೆ

ಮಗಳು ಕೆಲಸ ಮಾಡುವ ಆಸ್ಪತ್ರೆ ಪೂರ್ವದಿಕ್ಕಿನ ಹೆಡಿಂಗ್ಟನ್ ಗುಡ್ಡದ ಮೇಲಿದೆ. ನಾಲ್ಕು ಮಂದಿ ಸೇರಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಅವಳದೊಂದು ಕೋಣೆ. ಅಂಗಳವಿಲ್ಲ. ಮೊದಲ ಚಳಿಗಾಲ ಅವಳಿಗೆ ಬಹಳ ಕಷ್ಟವಾಯಿತು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ರಾತ್ರಿಯಿಡೀ ಕೆಲಸ, ಹಗಲು ನಿದ್ದೆ. ಬಿಸಿಲಿನ ಮುಖವನ್ನೇ ಕಾಣದೆ ವಾರಗಳು ಕಳೆಯುತ್ತಿದ್ದವು. ಫೋನಿನಲ್ಲಿ ಅವಳ ಮಾತು ದಿನೇ ದಿನೇ ಕಡಿಮೆಯಾಗುತ್ತಿತ್ತು. “ಸಾಕು ಮಗಾ, ಬಂದುಬಿಡು” ಎಂದು ಅವಳ ತಾಯಿ ಎಷ್ಟೋ ಸಲ ಹೇಳಿದ್ದುಂಟು. ಅವಳು ಬರಲಿಲ್ಲ.

ಅವಳು ತನಗೆ ತಾನೇ ಕಂಡುಕೊಂಡ ಮದ್ದು ಏನೆಂಬುದು ನಮಗೆ ಅಲ್ಲಿಗೆ ಹೋದ ಮೇಲೆ ತಿಳಿಯಿತು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಹೊರಬಿದ್ದವಳು ನೇರ ಕೋಣೆಗೆ ಹೋಗುವುದಿಲ್ಲ. ಗುಡ್ಡ ಇಳಿದು, ಮಾರ್ಸ್ಟನ್ ರಸ್ತೆ ದಾಟಿ, ಒಂದು ಹಳೆಯ ಗಿರಣಿಯ ಪಕ್ಕದಿಂದ ಹೊಳೆಬದಿಯ ಕಾಲುದಾರಿ ಹಿಡಿಯುತ್ತಾಳೆ. ಆ ದಾರಿಯ ಹೆಸರು ಮೆಸೊಪೊಟೇಮಿಯ! ಅಬ್ರಹಾಮನ ಕಥೆಯಲ್ಲಿ ಬರುವ ಅದೇ ಹೆಸರು. ಆ ಪದಕ್ಕೆ ಎರಡು ನದಿಗಳ ನಡುವಣ ನಾಡು ಎಂದು ಅರ್ಥ. ಇಲ್ಲಿ ಚಾರ್ವೆಲ್ ಹೊಳೆ ಎರಡಾಗಿ ಕವಲೊಡೆದು, ಒಂದು ಕವಲು ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ ಹರಿಯುತ್ತದೆ. ನಡುವಿನ ಕಿರಿದಾದ ದಿಬ್ಬದ ಮೇಲೆ ದಾರಿ. ಎರಡೂ ಬದಿಗೆ ನೀರು, ಮೇಲೆ ಮರಗಳ ಚಪ್ಪರ. ನಮ್ಮ ಕಡೆಯ ತೋಡಿನ ಬದಿಯ ಕಟ್ಟಪುಣಿಯ ಮೇಲೆ ನಡೆದವರಿಗೆ ಆ ದಾರಿಯ ಸುಖ ಹೊಸದಲ್ಲ.

ದಾರಿ ಮುಗಿಯುವಲ್ಲಿ ವಿಶ್ವವಿದ್ಯಾಲಯದ ಉದ್ಯಾನ ಸಿಗುತ್ತದೆ. ಸುಮಾರು ಎಪ್ಪತ್ತು ಎಕರೆಯ ಈ ಜಾಗವನ್ನು 1860ರ ದಶಕದಲ್ಲಿ ಉದ್ಯಾನವನ್ನಾಗಿ ರೂಪಿಸಿದರು. ಜಾಗ ವಿಶ್ವವಿದ್ಯಾಲಯದ್ದಾದರೂ ಹಗಲಿನಲ್ಲಿ ಎಲ್ಲರಿಗೂ ಪ್ರವೇಶವಿದೆ, ಟಿಕೆಟ್ಟಿಲ್ಲ. ವಿದ್ಯಾರ್ಥಿಗಳು ಕ್ರಿಕೆಟ್ ಆಡುತ್ತಾರೆ. ಮುದುಕರು ಬೆಂಚಿನಲ್ಲಿ ಕೂತು ನೋಡುತ್ತಾರೆ. ತಾಯಂದಿರು ಮಕ್ಕಳ ಗಾಡಿ ತಳ್ಳುತ್ತಾ ಸುತ್ತು ಬರುತ್ತಾರೆ. ಹೊಳೆಯ ಮೇಲೆ ಕಾಮನಬಿಲ್ಲಿನಂತೆ ಬಾಗಿದ ಒಂದು ಕಾಲುಸೇತುವೆಯಿದೆ. 1923-24ರಲ್ಲಿ ಕೆಲಸವಿಲ್ಲದವರಿಗೆ ದುಡಿಮೆ ಒದಗಿಸಲೆಂದು ಕಟ್ಟಿಸಿದ ಸೇತುವೆ ಅದು. ಅಂದು ಬಡವರ ಹೊಟ್ಟೆಗೆ ಆಧಾರವಾದದ್ದು ನೂರು ವರ್ಷಗಳಿಂದ ಎಲ್ಲರ ಕಾಲಿಗೆ ದಾರಿಯಾಗಿದೆ.

ಒಂದು ದಿನ ಪಾಳಿ ಮುಗಿಸಿ ಬಂದ ಮಗಳ ಜತೆ ಆ ಸೇತುವೆಯ ಮೇಲೆ ನಿಂತಿದ್ದೆ. “ಅಪ್ಪಾ, ಇಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ವಾರ್ಡಿನ ಬೆಲ್ಲಿನ ಸದ್ದು ಕಿವಿಯಿಂದ ಇಳಿಯುವವರೆಗೆ ನಡೆಯುತ್ತೇನೆ. ಆಮೇಲೆ ನಿದ್ದೆ ಬರುತ್ತದೆ” ಎಂದಳು. ಅಂದು ಸಂಜೆ ಈ ಮಾತನ್ನು ಮಡದಿಗೆ ಹೇಳಿದೆ. ಬಂದುಬಿಡು ಎಂಬ ಮಾತನ್ನು ಅವಳು ಆ ಬಳಿಕ ಎತ್ತಲಿಲ್ಲ. ಬದಲಿಗೆ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು, ಗಿರಣಿಯ ಹತ್ತಿರ ಮಗಳಿಗಾಗಿ ಕಾಯುವುದನ್ನು ರೂಢಿ ಮಾಡಿಕೊಂಡಳು.

ಸಾವಿರ ವರ್ಷದ ಗೋಮಾಳ

ಊರಿನ ವಾಯವ್ಯಕ್ಕೆ ಜೆರಿಕೊ ಎಂಬ ಬಡಾವಣೆಯಿದೆ. ಅದನ್ನು ದಾಟಿ, ರೈಲುಹಳಿಯ ಮೇಲಿನ ಸೇತುವೆ ಇಳಿದರೆ ಕಣ್ಣು ಹಾಯುವಷ್ಟು ದೂರ ಮಟ್ಟಸವಾದ ಹುಲ್ಲು. ಇದೇ ಪೋರ್ಟ್ ಮೆಡೋ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಊರ ಗೋಮಾಳ. ಇಂಗ್ಲೆಂಡಿನ ರಾಜ 1086ರಲ್ಲಿ ಮಾಡಿಸಿದ ಭೂದಾಖಲೆಯಲ್ಲಿಯೇ ಊರಿನವರಿಗೆ ಗೋಡೆಯ ಹೊರಗೆ ಸಾಮೂಹಿಕ ಹುಲ್ಲುಗಾವಲು ಇದೆ ಎಂಬ ಉಲ್ಲೇಖವಿದೆ. ಅಂದಿನಿಂದ ಇಂದಿನವರೆಗೂ ಅಲ್ಲಿ ದನ, ಕುದುರೆಗಳನ್ನು ಮೇಯಿಸುವ ಹಕ್ಕನ್ನು ಕೆಲವು ಊರಿನವರು ಉಳಿಸಿಕೊಂಡು ಬಂದಿದ್ದಾರೆ. ಈ ನೆಲಕ್ಕೆ ಯಾರೂ ನೇಗಿಲು ಹೂಡಿದ್ದಿಲ್ಲ ಎಂಬುದು ಪ್ರತೀತಿ. ಬ್ರಿಟನ್ನಿನಲ್ಲಿ ಬೇರೆಲ್ಲೂ ಹೆಚ್ಚಾಗಿ ಕಾಣದ, ನೆಲಕ್ಕೆ ಅಂಟಿ ಹಬ್ಬುವ ಒಂದು ಅಪರೂಪದ ಜೌಗುಗಿಡ ಇಲ್ಲಿ ಇಂದಿಗೂ ಬೆಳೆಯುತ್ತದೆ. ಉಳದೆ ಬಿಟ್ಟ ನೆಲದಲ್ಲಿ, ದನಗಳು ಮೇದು ತುಳಿದಲ್ಲಿಯೇ ಅದು ಬದುಕುತ್ತದಂತೆ.

ಈ ಜಾಗಕ್ಕೆ ಬೀಗವಿಲ್ಲ, ಹೊತ್ತುಗೊತ್ತಿಲ್ಲ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಸಂಜೆ ಊಟದ ಡಬ್ಬಿ ಹಿಡಿದು ಮನೆಮಂದಿಯೆಲ್ಲ ಬರುತ್ತಾರೆ. ಪ್ರಾಧ್ಯಾಪಕರಿರಬಹುದು, ಬಸ್ಸಿನ ಡ್ರೈವರ್ ಇರಬಹುದು. ಹುಲ್ಲಿನ ಮೇಲೆ ಕೂತ ಮೇಲೆ ಗುರುತು ಹತ್ತುವುದಿಲ್ಲ. ನಾವೂ ಚಪಾತಿ, ಮೊಟ್ಟೆ ಪಲ್ಯ ಕಟ್ಟಿಕೊಂಡು ಹೋಗಿದ್ದೆವು. ಕುದುರೆಯೊಂದು ಬಂದು ನನ್ನ ಮಡದಿಯ ಸೆರಗನ್ನು ಮೂಸಿ ನೋಡಿ ಹೋಯಿತು. “ಎಷ್ಟು ದೂರ ಬಂದರೂ ದನದ ವಾಸನೆ ಒಂದೇ ನೋಡಿ” ಎಂದು ಅವಳು ನಕ್ಕಳು. ಚಳಿಗಾಲದಲ್ಲಿ ಇಲ್ಲಿ ಹೊಳೆ ಉಕ್ಕಿ ಅರ್ಧ ಬಯಲು ಕೆರೆಯಾಗುತ್ತದೆ, ನೂರಾರು ಬಾತುಕೋಳಿಗಳು ಬಂದಿಳಿಯುತ್ತವೆ ಎಂದು ಮಗಳು ತನ್ನ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಳು.

ಬಿನ್ಸಿಯ ಮರಗಳೂ ಒಬ್ಬ ಗುರುಗಳೂ

ಗೋಮಾಳದ ಒಂದು ಮಗ್ಗುಲಲ್ಲಿ ಥೇಮ್ಸ್ ಹರಿಯುತ್ತದೆ. ಕಾಲುಸೇತುವೆ ದಾಟಿ ಆಚೆ ದಂಡೆಗೆ ಹೋದರೆ ಬಿನ್ಸಿ ಎಂಬ ಪುಟ್ಟ ಹಳ್ಳಿ. ಈ ದಂಡೆಯ ಕಥೆ ನಮ್ಮಂಥ ಕಥೋಲಿಕ ಕುಟುಂಬಗಳಿಗೆ ವಿಶೇಷವಾಗಿ ಹಿಡಿಸೀತು.

ಆಕ್ಸ್‌ಫರ್ಡಿನಲ್ಲಿ ಸಂತ ಅಲೋಶಿಯಸರ ದೇವಾಲಯವೊಂದಿದೆ. ಯೇಸುಸಭೆಯವರು ಅದನ್ನು ತೆರೆದದ್ದು 1875ರಲ್ಲಿ. ಅಂದರೆ ಮಂಗಳೂರಿನಲ್ಲಿ ನಮಗೆಲ್ಲ ಪರಿಚಿತವಾದ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಆರಂಭವಾಗುವುದಕ್ಕೆ ಐದು ವರ್ಷ ಮೊದಲು. 1878ರ ಕೊನೆಯಲ್ಲಿ ಆ ದೇವಾಲಯಕ್ಕೆ ಸಹಾಯಕ ಗುರುಗಳಾಗಿ ಬಂದವರು ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್. ಇದೇ ಊರಿನಲ್ಲಿ ಓದಿದವರು, ಇಲ್ಲಿ ಓದುತ್ತಿದ್ದಾಗಲೇ 1866ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದವರು. ವಿದ್ಯಾರ್ಥಿಯಾಗಿದ್ದಾಗ ತಿರುಗಾಡಿದ ಹೊಳೆದಂಡೆಗೆ 1879ರ ಮಾರ್ಚಿನಲ್ಲಿ ಅವರು ಮತ್ತೆ ನಡೆದು ಹೋದಾಗ, ದಂಡೆಯುದ್ದಕ್ಕೂ ಸಾಲಾಗಿದ್ದ ಪಾಪ್ಲರ್ ಮರಗಳನ್ನು ಪೂರ್ತಿ ಕಡಿದುರುಳಿಸಿದ್ದರು. ಆ ಸಂಕಟದಿಂದ ಹುಟ್ಟಿದ್ದೇ ‘ಬಿನ್ಸಿ ಪಾಪ್ಲರ್ಸ್’ ಎಂಬ ಕವಿತೆ. ಹಾಪ್ಕಿನ್ಸ್ 1889ರಲ್ಲಿ ತೀರಿಕೊಂಡರು. ಬದುಕಿದ್ದಾಗ ಕವಿಯೆಂದು ಅವರನ್ನು ಬಲ್ಲವರು ಕೆಲವೇ ಮಂದಿ. ಅವರ ಕವಿತೆಗಳ ಸಂಗ್ರಹ ಅಚ್ಚಾದದ್ದು 1918ರಲ್ಲಿ. ಆದರೆ ಒಂದು ಸಾಲು ಮರ ಹೋದರೆ ಏನು ಹೋಗುತ್ತದೆ ಎಂಬುದನ್ನು ಇಂಗ್ಲೆಂಡಿನ ಜನ ಇಂದಿಗೂ ಅವರ ಕವಿತೆಯ ಮೂಲಕವೇ ನೆನೆಯುತ್ತಾರೆ. ಮುಂದೆ ಅಲ್ಲಿ ಮರಗಳನ್ನು ಮತ್ತೆ ನೆಟ್ಟರು.

ಬಿನ್ಸಿಯ ಕೊನೆಗೆ ಸಂತ ಮಾರ್ಗರೆಟರ ಹಳೆಯ ಚರ್ಚು, ಅದರ ಪಕ್ಕ ಒಂದು ಬಾವಿ. ಆಕ್ಸ್‌ಫರ್ಡಿನ ಪಾಲಕಿ ಸಂತ ಫ್ರೈಡ್ಸ್‌ವೈಡ್ ಪ್ರಾರ್ಥಿಸಿದಾಗ ಇಲ್ಲಿ ನೀರು ಚಿಮ್ಮಿತು, ಆ ನೀರಿನಿಂದ ಕುರುಡು ನೀಗಿತು ಎಂಬುದು ಐತಿಹ್ಯ. ಹಿಂದೆ ಯಾತ್ರಿಕರು ಬರುತ್ತಿದ್ದರು. ಈ ಬಾವಿಗೆ ‘ಟ್ರೀಕಲ್’ ಬಾವಿ ಎಂಬ ಹೆಸರೂ ಇದೆ. ಇಂದಿನ ಇಂಗ್ಲಿಷಿನಲ್ಲಿ ಆ ಪದಕ್ಕೆ ಕಾಕಂಬಿ ಎಂದರ್ಥ. ಹಳೆಯ ಕಾಲದಲ್ಲಿ ಮದ್ದು ಎಂದರ್ಥವಿತ್ತು.

ಕಾಕಂಬಿ ಬಾವಿಯ ತಮಾಷೆ ನಮ್ಮ ಮಕ್ಕಳು ಓದುವ ಒಂದು ಕಥೆಯಲ್ಲೂ ಸೇರಿದೆ. 1862ರ ಜುಲೈ 4ರಂದು ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಅಧ್ಯಾಪಕರೊಬ್ಬರು ಕಾಲೇಜಿನ ಮುಖ್ಯಸ್ಥರ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು, ಸ್ನೇಹಿತರೊಬ್ಬರ ಜತೆ ಹುಟ್ಟು ಹಾಕುತ್ತಾ ಗಾಡ್‌ಸ್ಟೋ ಎಂಬಲ್ಲಿಗೆ ಹೋದರು. ದಾರಿಯಲ್ಲಿ ಮಕ್ಕಳು ಕಥೆ ಹೇಳೆಂದು ಕಾಡಿದರು. ಬಾಯಿಗೆ ಬಂದಂತೆ ಹೇಳಿದ ಆ ಕಥೆಯೇ 1865ರಲ್ಲಿ ಪುಸ್ತಕವಾಗಿ ಬಂದ ಆಲಿಸಳ ಅದ್ಭುತ ಲೋಕದ ಕಥೆ. ಅಧ್ಯಾಪಕರ ಲೇಖನನಾಮ ಲೂಯಿ ಕ್ಯಾರಲ್. ಮಕ್ಕಳ ಜತೆ ಸುಮ್ಮನೆ ಕಳೆದ ಒಂದು ಮಧ್ಯಾಹ್ನ ಎಷ್ಟು ದೊಡ್ಡ ಫಲ ಕೊಟ್ಟಿತು ನೋಡಿ!

ಗಾಡ್‌ಸ್ಟೋದಲ್ಲಿ ಬೆನೆಡಿಕ್ಟ್ ಸಭೆಯ ಕನ್ಯಾಮಠವೊಂದರ ಮುರಿದ ಗೋಡೆಗಳಿವೆ. 12ನೆಯ ಶತಮಾನದಲ್ಲಿ ಸ್ಥಾಪನೆಯಾದ ಈ ಮಠವನ್ನು ಎಂಟನೆಯ ಹೆನ್ರಿಯ ಕಾಲದಲ್ಲಿ, 1539ರಲ್ಲಿ ಮುಚ್ಚಿಸಿದರು. ಈಗ ಮಾಡಿಲ್ಲ, ಬಾಗಿಲಿಲ್ಲ. ಗೋಡೆಗಳ ನಡುವೆ ಹುಲ್ಲು ಬೆಳೆದಿದೆ. ಶತಮಾನಗಳ ಕಾಲ ಜಪತಪ ನಡೆದ ಜಾಗದಲ್ಲಿ ನಾವು ಮೂವರೂ ಸ್ವಲ್ಪ ಹೊತ್ತು ಮಾತಿಲ್ಲದೆ ಕೂತೆವು.

ದೋಣಿಯ ಮೋಜು

ಚಾರ್ವೆಲ್ ಹೊಳೆಯಲ್ಲಿ ಪಂಟ್ ಎಂಬ ದೋಣಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಚಪ್ಪಟೆ ತಳದ, ಉದ್ದನೆಯ ದೋಣಿ. ಹುಟ್ಟಿಲ್ಲ. ಹಿಂದೆ ನಿಂತವರು ಉದ್ದನೆಯ ಗಳವನ್ನು ಹೊಳೆಯ ತಳಕ್ಕೆ ಊರಿ ದೋಣಿಯನ್ನು ಮುಂದಕ್ಕೆ ನೂಕಬೇಕು. ಹಿಂದೆ ಸಾಮಾನು ಸಾಗಿಸಲು, ಮೀನು ಹಿಡಿಯಲು ಬಳಸುತ್ತಿದ್ದ ಇಂಥ ದೋಣಿ ಕಳೆದ ಒಂದೂವರೆ ಶತಮಾನದಿಂದ ವಿಹಾರಕ್ಕೆ ಬಂದಿದೆ. ಪಯಸ್ವಿನಿ, ಶಿರಿಯಾ ಹೊಳೆಗಳ ಕಡವಿನಲ್ಲಿ ದೋಣಿ ದಾಟಿದ ನಮ್ಮ ತಲೆಮಾರಿನವರಿಗೆ ಇದೇನು ಹೊಸ ವಿದ್ಯೆಯಲ್ಲ. ನಾವು ಹೋದಾಗ ಗಂಟೆಗೆ ಸುಮಾರು ಮೂವತ್ತು ಪೌಂಡು, ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿ ದಾಟುತ್ತದೆ. ಐದು ಮಂದಿ ಕೂರಬಹುದಾದ್ದರಿಂದ ಮಗಳ ಇಬ್ಬರು ಗೆಳತಿಯರನ್ನೂ ಸೇರಿಸಿಕೊಂಡೆವು. ಗಳ ಕೆಸರಿನಲ್ಲಿ ಕಚ್ಚಿಕೊಂಡರೆ ಅದನ್ನು ಬಿಟ್ಟುಬಿಡಿ, ದೋಣಿಯನ್ನು ಬಿಡಬೇಡಿ ಎಂಬುದು ಅಲ್ಲಿ ಹೊಸಬರಿಗೆ ಹೇಳುವ ಮೊದಲ ಪಾಠ. ಹಿಡಿದದ್ದನ್ನು ಬಿಡಲಾರದೆ ಗಳಕ್ಕೆ ನೇತಾಡಿ ನೀರಿಗೆ ಬಿದ್ದ ಒಬ್ಬ ಯುವಕನನ್ನು ನಾವೇ ಕಂಡೆವು. ಅವನಿಗೆ ಏನೂ ಆಗಲಿಲ್ಲ. ದಂಡೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ದೋಣಿಗಳು ಹೊರಡುವುದು ಮ್ಯಾಗ್ಡಲೆನ್ ಕಾಲೇಜಿನ ಬಳಿಯ ಸೇತುವೆಯಡಿಯಿಂದ. ಬರೆಯುವಾಗ ಹೀಗಿದ್ದರೂ ಊರಿನವರು ಹೇಳುವುದು ಮಾಡ್ಲಿನ್ ಎಂದು. ನಮ್ಮ ಗಿರೀಶ ಕಾರ್ನಾಡರು 1960ರ ದಶಕದ ಆರಂಭದಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಓದಿದ ಕಾಲೇಜುಗಳಲ್ಲಿ ಇದೂ ಒಂದು. 1963ರಲ್ಲಿ ಅವರು ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆಗಿದ್ದರು. ಕಾಲೇಜಿನ ಒಳಗೆ ಜಿಂಕೆಗಳ ವನವೂ, ಹೊಳೆಯ ಕವಲನ್ನು ಸುತ್ತಿ ಹೋಗುವ ಕಾಲುದಾರಿಯೂ ಇದೆ. ಅದನ್ನು ನೋಡಲು ಟಿಕೆಟ್ ಕೊಳ್ಳಬೇಕು.

ಮೇ 1ರ ಮುಂಜಾನೆ ಆರಕ್ಕೆ ಈ ಕಾಲೇಜಿನ ಎತ್ತರದ ಗೋಪುರದ ತುದಿಯಿಂದ ಗಾಯಕವೃಂದದವರು ಲತೀನ್ ಸ್ತುತಿಗೀತೆಯನ್ನು ಹಾಡುತ್ತಾರೆ. ಶತಮಾನಗಳಿಂದ ನಡೆದು ಬಂದ ಪದ್ಧತಿ ಇದು. ಸಾವಿರಾರು ಜನ ಕೆಳಗೆ ರಸ್ತೆಯಲ್ಲಿ, ಸೇತುವೆಯಲ್ಲಿ ಮೇಲೆ ಮುಖ ಮಾಡಿ ನಿಂತಿರುತ್ತಾರೆ. ಹಾಡು ಮುಗಿದ ಮೇಲೆ ಗಂಟೆಗಳು ಮೊಳಗುತ್ತವೆ. ಬೀದಿಯಲ್ಲಿ ಕುಣಿತ, ಹೋಟೆಲುಗಳಲ್ಲಿ ಬೆಳಗಿನ ತಿಂಡಿ. ಉತ್ಸಾಹದ ಭರದಲ್ಲಿ ಸೇತುವೆಯಿಂದ ಹೊಳೆಗೆ ಹಾರುವವರೂ ಇದ್ದರು. 2005ರಲ್ಲಿ ನೀರು ಕಡಿಮೆಯಿದ್ದಾಗ ಹಾರಿ ನಲವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ಮೇಲೆ ಕೆಲವು ವರ್ಷ ಆ ಬೆಳಿಗ್ಗೆ ಸೇತುವೆಯನ್ನೇ ಮುಚ್ಚಿದ್ದರಂತೆ. ಹೊಳೆ ಎಷ್ಟೇ ಸೌಮ್ಯವಾಗಿ ಕಂಡರೂ ಅದರ ಜತೆ ಆಟವಾಡಬಾರದೆಂಬುದು ಅಲ್ಲಿಗೂ ಒಂದೇ, ಇಲ್ಲಿಗೂ ಒಂದೇ.

ಮೇ ಕೊನೆಯಲ್ಲಿ ಥೇಮ್ಸಿನಲ್ಲಿ ಕಾಲೇಜುಗಳ ನಡುವೆ ದೋಣಿ ಸ್ಪರ್ಧೆ. ಎಂಟು ಮಂದಿ ಹುಟ್ಟು ಹಾಕುವವರು, ದಾರಿ ಹೇಳಲು ಇನ್ನೊಬ್ಬರು. ಅಕ್ಕಪಕ್ಕ ಓಡಿಸುವಷ್ಟು ಹೊಳೆ ಅಗಲವಿಲ್ಲ. ಆದ್ದರಿಂದ ದೋಣಿಗಳು ಒಂದರ ಹಿಂದೊಂದು ಹೊರಟು, ಮುಂದಿನದನ್ನು ಮುಟ್ಟಿದರೆ ಗೆದ್ದಂತೆ. ದಂಡೆಯ ಮೇಲೆ ನಿಂತು ನೋಡಲು ಕಾಸು ಕೊಡಬೇಕಿಲ್ಲ.

ತಾನಾಗಿ ಉಳಿದ ಹಸಿರಲ್ಲ

ಇದನ್ನೆಲ್ಲ ಓದಿ, ಶ್ರೀಮಂತ ದೇಶ, ಅವರಿಗೇನು ಎಂದು ನೀವು ಹೇಳಬಹುದು. ಆದರೆ ಅಲ್ಲಿಯೂ ಹಸಿರು ತಾನಾಗಿ ಉಳಿಯಲಿಲ್ಲ. ಕ್ರೈಸ್ಟ್ ಚರ್ಚ್ ಹುಲ್ಲುಗಾವಲನ್ನೇ ತೆಗೆದುಕೊಳ್ಳಿ. ಉದ್ದ ಕೊಂಬಿನ ದನಗಳು ಮೇಯುವ, ಹೊಳೆಯವರೆಗೆ ಮರಗಳ ಸಾಲುದಾರಿ ಇರುವ ಆ ಸುಂದರ ಜಾಗದ ಪಕ್ಕದಿಂದ ಹೊಸ ರಸ್ತೆ ಹಾಯಿಸಬೇಕೆಂದು 1940ರ ದಶಕದಲ್ಲಿ ಯೋಜನೆಯಾಯಿತು. ಊರಿನ ಪೂರ್ವಕ್ಕೆ ಕಾರಿನ ಕಾರ್ಖಾನೆ ಬೆಳೆದಿತ್ತು; ಪೇಟೆಯ ಮುಖ್ಯಬೀದಿ ವಾಹನಗಳಿಂದ ಕಿಕ್ಕಿರಿದಿತ್ತು. ರಸ್ತೆ ಬೇಕೆಂದವರ ವಾದವೂ ಸುಳ್ಳಲ್ಲ. ಎರಡು ದಶಕಗಳಿಗೂ ಹೆಚ್ಚು ಕಾಲ ಆ ವಾದ ನಡೆದು, ಕೊನೆಗೆ ಯೋಜನೆಯನ್ನು ಕೈಬಿಟ್ಟರು. 1973ರಲ್ಲಿ ಊರ ಹೊರಗೆ ಕಾರು ನಿಲ್ಲಿಸಿ ಬಸ್ಸಿನಲ್ಲಿ ಪೇಟೆಗೆ ಬರುವ ವ್ಯವಸ್ಥೆ ಶುರುವಾಯಿತು. ಇಂದಿಗೂ ಜನ ಹಾಗೆಯೇ ಬರುತ್ತಾರೆ.

ಎಲ್ಲ ಸಲವೂ ಹಸಿರಿನ ಪಕ್ಷವೇ ಗೆಲ್ಲಲಿಲ್ಲ. ಗೋಮಾಳದ ಅಂಚಿಗೆ ವಿಶ್ವವಿದ್ಯಾಲಯ ಕಟ್ಟಿಸಿದ ವಿದ್ಯಾರ್ಥಿಗಳ ವಸತಿಗೃಹಗಳು ಹಳೆಯ ಗೋಪುರಗಳ ನೋಟಕ್ಕೆ ಅಡ್ಡ ನಿಂತವು. ಮೇಲಿನ ಅಂತಸ್ತನ್ನು ತೆಗೆಸಬೇಕೆಂಬ ಬೇಡಿಕೆ 2015ರಲ್ಲಿ ವಿಶ್ವವಿದ್ಯಾಲಯದ ಸಭೆಯಲ್ಲಿಯೇ ಮತಕ್ಕೆ ಹೋಗಿ ಸೋತಿತು. ವಿದ್ಯಾರ್ಥಿಗಳಿಗೂ ತಲೆಯ ಮೇಲೆ ಸೂರು ಬೇಕಲ್ಲ ಎಂಬುದು ಎದುರು ವಾದ.

ಈಗಿನ ದೊಡ್ಡ ಚಿಂತೆ ನೀರಿನದು. ಜೋರು ಮಳೆ ಬಂದಾಗ ಚರಂಡಿಯ ಕೊಳಕು ಪೂರ್ತಿ ಶುದ್ಧವಾಗದೆ ಹೊಳೆಗೆ ಬಿಡಲ್ಪಡುತ್ತದೆ. ಗೋಮಾಳದ ಬಳಿ ಜನ ಈಜುವ ಒಂದು ಕವಲಿನ ನೀರನ್ನು ಊರಿನವರೇ ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸಿ, ಸರಕಾರದ ಮುಂದೆ ಇಟ್ಟರು. ಅವರ ಒತ್ತಾಯದಿಂದ 2022ರಲ್ಲಿ ಅದನ್ನು ಅಧಿಕೃತ ಸ್ನಾನಸ್ಥಳವೆಂದು ಘೋಷಿಸಲಾಯಿತು. ಇಂಗ್ಲೆಂಡಿನ ಹೊಳೆಗಳಲ್ಲಿ ಇದು ಎರಡನೆಯದು. ಹಾಗೆ ಘೋಷಿಸಿದರೆ ಸರಕಾರವೇ ನೀರನ್ನು ಪರೀಕ್ಷಿಸಿ ಫಲಿತಾಂಶ ಹೇಳಲೇಬೇಕು. ಅದೇ ವರ್ಷ ಬಂದ ಮೊದಲ ಫಲಿತಾಂಶ ಅತ್ಯಂತ ಕೆಳಗಿನ ದರ್ಜೆ. ಮರುವರ್ಷವೂ ಅದೇ. ಹೋರಾಟಕ್ಕೆ ಸಿಕ್ಕ ಫಲ ಇಷ್ಟೇನಾ ಎಂದು ಕೇಳಬಹುದು. ಆದರೆ ಕೊಳಕು ಇದೆ ಎಂಬುದನ್ನು ಇನ್ನು ಯಾರೂ ಮುಚ್ಚಿಡುವಂತಿಲ್ಲ. ಕಾಯಿಲೆಗೆ ಹೆಸರು ಸಿಕ್ಕಿದ ಮೇಲೆ ಮದ್ದು ಹುಡುಕಬಹುದು ಎಂದು ನನ್ನ ಮಗಳು ತನ್ನ ವೃತ್ತಿಯ ಮಾತಿನಲ್ಲೇ ಹೇಳಿದಳು.

ಬೆಂಚಿನ ಮೇಲಿನ ಹೆಸರು

ನನಗೆ ಬಹಳ ಹಿಡಿಸಿದ್ದು ಅಲ್ಲಿಯ ಬೆಂಚುಗಳು. ಹೊಳೆಬದಿಯಲ್ಲಿ, ಉದ್ಯಾನದಲ್ಲಿ, ಎಷ್ಟೋ ಮರದ ಬೆಂಚುಗಳ ಬೆನ್ನಿಗೆ ಸಣ್ಣ ಲೋಹದ ಪಟ್ಟಿ ಹೊಡೆದಿರುತ್ತದೆ. ತೀರಿಕೊಂಡವರ ಹೆಸರು, ಹುಟ್ಟು-ಸಾವಿನ ವರ್ಷ, ಈ ಜಾಗವೆಂದರೆ ಅವರಿಗೆ ಪ್ರೀತಿ ಎಂಬರ್ಥದ ಒಂದು ಮಾತು. ಮನೆಯವರು ತಮ್ಮ ಹಿರಿಯರ ನೆನಪಿಗೆ ಕೊಟ್ಟ ಬೆಂಚು. ಕೂರುವವರು ಯಾರೋ ಅಪರಿಚಿತರು. ನಮ್ಮ ಮಗಳು ಪಾಳಿ ಮುಗಿಸಿ ಶೂ ಬಿಚ್ಚಿ ಕಾಲು ಚಾಚಿ ಕೂರುವುದೂ ಅಂಥದೇ ಒಂದು ಬೆಂಚಿನಲ್ಲಿ. ಸತ್ತವರ ಹೆಸರಿನಲ್ಲಿ ಬದುಕಿದ್ದವರಿಗೆ ಒಂದಿಷ್ಟು ವಿಶ್ರಾಂತಿ!

ಸಸ್ಯೋದ್ಯಾನದ ಮುಂದೆಯೂ ಇಂಥದೇ ಒಂದು ನೆನಪಿದೆ. 1621ರಲ್ಲಿ ಸ್ಥಾಪನೆಯಾದ ಈ ಉದ್ಯಾನ ಬ್ರಿಟನ್ನಿನಲ್ಲೇ ಅತ್ಯಂತ ಹಳೆಯದು. ಒಳಗೆ ಹೋಗಲು ಟಿಕೆಟ್ ಉಂಟು. ಆದರೆ ಬಾಗಿಲ ಹೊರಗೆ, ರಸ್ತೆಯ ಬದಿಗೆ, ಎಲ್ಲರೂ ಕೂರಬಹುದಾದ ಗುಲಾಬಿ ತೋಟವಿದೆ. ಪೆನಿಸಿಲಿನ್ ಮದ್ದಿನ ಪ್ರಯೋಜನವನ್ನು ಲೋಕಕ್ಕೆ ತೋರಿಸಿಕೊಟ್ಟ ಇಲ್ಲಿಯ ಸಂಶೋಧಕರ ಗೌರವಾರ್ಥ 1953ರಲ್ಲಿ ಕೊಟ್ಟದ್ದು. ಕೋಟಿಗಟ್ಟಲೆ ಜೀವ ಉಳಿಸಿದ ಕೆಲಸಕ್ಕೆ ಹೂವಿನ ಗಿಡಗಳೇ ಸ್ಮಾರಕ.

ಮಕ್ಕಳನ್ನು ನೋಡಲು ಅತ್ತ ಹೋಗುವ ತಂದೆತಾಯಿಗಳಿಗೆ ಒಂದೆರಡು ಸೂಚನೆ. ಮೇ, ಜೂನ್ ತಿಂಗಳು ಒಳ್ಳೆಯದು. ಆದರೂ ಕೊಡೆ ಮತ್ತು ಒಂದು ಸ್ವೆಟರ್ ಕೈಯಲ್ಲಿರಲಿ. ಚಪ್ಪಲಿಗಿಂತ ಒಳ್ಳೆಯ ಶೂ ವಾಸಿ, ದಾರಿ ಕೆಸರಿರುತ್ತದೆ. ತಿಂಡಿ, ನೀರು ಕಟ್ಟಿಕೊಂಡು ಹೋಗಿ. ಕಸವನ್ನು ಮನೆಗೇ ತನ್ನಿ. ಉದ್ಯಾನಗಳ ಬಾಗಿಲು ಕತ್ತಲಾಗುವ ಮೊದಲೇ ಮುಚ್ಚುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ದಿನಕ್ಕೆ ಹತ್ತು ಜಾಗ ನೋಡುವ ಅವಸರ ಬೇಡ. ಮಕ್ಕಳು ದಿನವೂ ನಡೆಯುವ ದಾರಿ ಯಾವುದೆಂದು ಕೇಳಿ, ಅವರ ಜತೆ ಅದರಲ್ಲೇ ನಡೆಯಿರಿ. ಫೋನಿನಲ್ಲಿ ಹೇಳದ ಎಷ್ಟೋ ಮಾತುಗಳನ್ನು ಅವರು ನಡೆಯುತ್ತಾ ಹೇಳುತ್ತಾರೆ.

ಇನ್ನು ನಮ್ಮ ಊರುಗಳ ಮಾತು. ಗಡಿನಾಡಿನಲ್ಲಿ ಹೊಳೆಗಳಿಗೆ ಕಡಿಮೆಯೇ? ಹೊಳೆ ಪುರಂಬೋಕು ಎಂದು ಕಾಗದದಲ್ಲಿ ಇರುವ ಜಾಗ ಎಷ್ಟೋ ಕಡೆ ಯಾರ ಯಾರದೋ ಬೇಲಿಯೊಳಗಿದೆ; ಉಳಿದದ್ದರಲ್ಲಿ ಕಸ ಬಿದ್ದಿದೆ. ಹೊಳೆಯ ಹತ್ತಿರವೇ ಹುಟ್ಟಿದ ಮಕ್ಕಳಿಗೆ ದಂಡೆಗೆ ಇಳಿಯಲು ದಾರಿಯಿಲ್ಲ. ಸಾವಿರ ವರ್ಷದ ಗೋಮಾಳವನ್ನು ನಾವು ಒಂದೇ ದಿನದಲ್ಲಿ ತರಲಾರೆವು. ಆದರೆ ನಮ್ಮ ವಾಳೆಗಳವರು ಸೇರಿ, ನೆರೆಹೊರೆಯ ಎಲ್ಲ ಮತದವರನ್ನೂ ಜತೆಗೆ ಕರೆದುಕೊ೦ಡು, ಪಂಚಾಯತಿನ ಗ್ರಾಮಸಭೆಯಲ್ಲಿ ಇಷ್ಟು ಕೇಳಬಹುದು: ನಮ್ಮ ಹೊಳೆಯ ಸಾರ್ವಜನಿಕ ಜಾಗ ಎಲ್ಲಿಂದ ಎಲ್ಲಿಯವರೆಗೆ? ಅದನ್ನು ಅಳೆದು ಗುರುತು ಹಾಕಿ ಕೊಡಿ. ಅಲ್ಲಿ ನಾಲ್ಕು ಮರ ನೆಡೋಣ. ನವೆಂಬರಿನಲ್ಲಿ ನಮ್ಮ ಮೃತರನ್ನು ನೆನೆಯುವಾಗ, ಸಮಾಧಿಯ ಮೇಲಿನ ಹೂವು, ಮೇಣದ ಬತ್ತಿಗಳ ಜತೆಗೆ, ಒಂದು ಮನೆಯವರು ಒಂದು ಕಲ್ಲುಬೆಂಚನ್ನು ಆ ದಂಡೆಗೆ ಕೊಡಲಿ.

ಪರಊರಿಗೆ ಹೋದ ನಮ್ಮ ಮಕ್ಕಳಿಗೆ ಅಲ್ಲಿಯ ಯಾರೋ ಹಿರಿಯರು ಉಳಿಸಿಟ್ಟ ನೆರಳು ಸಿಕ್ಕಿದೆ. ನಮ್ಮೂರಿಗೆ ದುಡಿಯಲು ಬಂದವರಿಗೂ ದೂರದ ತಂದೆತಾಯಿಗಳಿದ್ದಾರೆ. ಅವರ ಮಕ್ಕಳೂ ಸಂಜೆ ಹೊತ್ತು ಒಂದಿಷ್ಟು ಕೂತು ಹೋಗಲು ನಮ್ಮ ಹೊಳೆಬದಿಯಲ್ಲಿ ಜಾಗವಿರಲಿ.